ಹೆಪ್ಪಿಲ್ಲದ ಮೊಸರು

ಬೇಸಗೆಯ ರಜೆಯಲ್ಲಿ ಮೂರು ವಾರ ಊರಿನಲ್ಲಿದ್ದು ಹಿಂದಿರುಗಿದ ಸಂಜೆಯ ಮಾತು. ಪೆಟ್ಟಿಗೆಗಳನ್ನು ಒಳಗಿಡುವ ಮೊದಲೇ ಹಾಲು ಬಂದಿತು. ಹಾಲನ್ನು ಕಾಯಿಸಿ ಆರಲು ಇಟ್ಟ ಮೇಲೆ, ಮನೆಯಲ್ಲಿ ಹೆಪ್ಪಿಲ್ಲವೆಂಬುದು ನನ್ನ ಹೆಂಡತಿಯ ನೆನಪಿಗೆ ಬಂದಿತು. "ರೀ, ಎದುರುಮನೆಯಿಂದ ಒಂದು ಚಮಚ ಹೆಪ್ಪು ಇಸಕೊಂಡು ಬನ್ನಿ" ಎಂದು ಬಟ್ಟಲೊಂದನ್ನು ನನ್ನ ಕೈಗಿತ್ತಳು. ಕನ್ನಡದಲ್ಲಿ ಎಂ.ಎ. ಮಾಡಿದವನಿಗೆ ಮನೆಯಲ್ಲಿ ಇಂತಹ ಜವಾಬ್ದಾರಿಗಳು ಧಾರಾಳವಾಗಿ ದೊರೆಯುತ್ತವೆ.

ಎದುರುಮನೆಯ ಅಜ್ಜಿ ನನ್ನ ಬಟ್ಟಲನ್ನು ನೋಡಿ ನಕ್ಕರು. ಅವರ ಮನೆಯಲ್ಲಿಯೂ ಅಂದು ಮೊಸರು ಮುಗಿದಿದ್ದಿತು. "ಹೆಪ್ಪಿಲ್ಲದಿದ್ದರೆ ಏನಾಯಿತಪ್ಪ? ನಾಲ್ಕು ಒಣಮೆಣಸಿನಕಾಯಿ ತೊಟ್ಟು ಹಾಲಿಗೆ ಹಾಕಿ ಬೆಚ್ಚಗೆ ಮುಚ್ಚಿಡೋದಕ್ಕೆ ಹೇಳು ಅವಳಿಗೆ. ಮೊದಲ ದಿನ ತೆಳ್ಳಗಿರುತ್ತೆ. ಅದನ್ನೇ ಹೆಪ್ಪು ಮಾಡಿಕೊಂಡರೆ ಮಾರನೇ ದಿನ ಗಟ್ಟಿ ಮೊಸರು" ಎಂದರು.

ಮೊಸರಿಗೆ ಹೆಪ್ಪು ಬೇಕು, ಹೆಪ್ಪಿಗೆ ನಿನ್ನೆಯ ಮೊಸರು ಬೇಕು, ಅದಕ್ಕೆ ಮೊನ್ನೆಯದು ಬೇಕು ಎಂಬ ಸರಪಣಿಯನ್ನು ನಾನು ಎಂದೂ ಪ್ರಶ್ನಿಸಿದವನಲ್ಲ. ಸರಪಣಿ ಕಡಿದರೂ ಮೊಸರಾಗುತ್ತದೆಂಬ ಈ ಸಂಗತಿಯನ್ನು ಮಾರನೆಯ ದಿನ ಅಧ್ಯಾಪಕರ ಕೊಠಡಿಯಲ್ಲಿ ಹೇಳಿದೆ. ಪ್ರಾಣಿಶಾಸ್ತ್ರದ ನನ್ನ ಸಹೋದ್ಯೋಗಿಗಳೊಬ್ಬರು ಕಾಫಿಯ ಲೋಟವನ್ನು ಕೆಳಗಿಟ್ಟು, "ಸ್ವಾಮಿ, ನಿಮ್ಮ ಅಜ್ಜಿಯ ಈ ಒಂದು ಪ್ರಶ್ನೆಯ ಮೇಲೆ ನಮ್ಮವರು ನಲವತ್ತು ವರ್ಷ ಕಾದಾಡಿದ್ದಾರೆ. ಪೆರಾಕ್ಸಿಸೋಮ್ ಎಂಬ ಹೆಸರು ಕೇಳಿದ್ದೀರೋ?" ಎಂದರು. ನಾನು ಕೇಳಿರಲಿಲ್ಲ. ಆ ದಿನದಿಂದ ಎರಡು ತಿಂಗಳು ಅವರು ಕೊಟ್ಟ ಪುಸ್ತಕಗಳನ್ನು ಓದಿ, ಅವರನ್ನು ಪೀಡಿಸಿ, ತಿಳಿದುಕೊಂಡುದನ್ನು ಈ ವಾರ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಭಾಷೆಯ ಮೇಷ್ಟರಿಗೆ ಅದನ್ನು ಬಿಟ್ಟು ಮುಂದೆ ಹೋಗಲು ಕಾಲು ಬರುವುದಿಲ್ಲ. 'ಸೋಮ' ಎಂದರೆ ಗ್ರೀಕ್ ಭಾಷೆಯಲ್ಲಿ ಶರೀರ. ನಮ್ಮ ಸೋಮರಸಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಹೈಡ್ರೊಜನ್ ಪೆರಾಕ್ಸೈಡ್ ಎಂಬ ದ್ರವವು ಔಷಧದ ಅಂಗಡಿಗಳಲ್ಲಿ ದೊರೆಯುತ್ತದಷ್ಟೆ. ಆ ಪೆರಾಕ್ಸೈಡನ್ನು ತನ್ನೊಳಗೇ ಉತ್ಪಾದಿಸಿ ತನ್ನೊಳಗೇ ನಾಶಗೊಳಿಸುವ ಪುಟ್ಟ ಕಾಯವೇ ಪೆರಾಕ್ಸಿಸೋಮ್. ನಮ್ಮ ದೇಹದ ಜೀವಕೋಶಗಳೊಳಗೆ ಇದು ತೆಳುವಾದ ಒಂದೇ ಪೊರೆಯ ಚೀಲದಂತೆ ಇರುತ್ತದೆ. ಅಡ್ಡಳತೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ಅನೇಕ ವೇಳೆ ಅದಕ್ಕಿಂತಲೂ ಕಡಿಮೆ. ಪಿತ್ತಜನಕಾಂಗದ ಒಂದೊಂದು ಕೋಶದಲ್ಲಿಯೂ ಇಂತಹ ಚೀಲಗಳು ನೂರಾರು ಇರುತ್ತವೆ.

ಚೀಲವನ್ನು ಬರಿಗಣ್ಣಿನಿಂದ ಕಾಣಲಾಗದು. ಅದರ ಕೆಲಸವನ್ನು ಮಾತ್ರ ಅಡಿಗೆಮನೆಯಲ್ಲಿಯೇ ಕಾಣಬಹುದು. ಹಸಿ ಆಲೂಗೆಡ್ಡೆಯ ಹೋಳೊಂದರ ಮೇಲೆ ನಾಲ್ಕು ತೊಟ್ಟು ಹೈಡ್ರೊಜನ್ ಪೆರಾಕ್ಸೈಡ್ ಬಿಡಿರಿ. ಕ್ಷಣಮಾತ್ರದಲ್ಲಿ ಬುಳುಬುಳನೆ ನೊರೆಯೇಳುವುದು. ಕೊಯ್ದಾಗ ಒಡೆದ ಕೋಶಗಳ ಪೆರಾಕ್ಸಿಸೋಮುಗಳಿಂದ ಹೊರಬಿದ್ದ ಕ್ಯಾಟಲೇಸ್ ಎಂಬ ಕಿಣ್ವವು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕಗಳನ್ನಾಗಿ ಒಡೆಯುತ್ತಿರುತ್ತದೆ. ಬೇಯಿಸಿದ ಗೆಡ್ಡೆಯಲ್ಲಿ ನೊರೆ ಬಾರದು. ಬೆಂದ ಕಿಣ್ವಕ್ಕೆ ಕೆಲಸ ಮಾಡುವ ಶಕ್ತಿಯಿಲ್ಲ. ನಮ್ಮ ಮನೆಯ ಮಕ್ಕಳು ಇದನ್ನು ನೋಡಿ ಎರಡು ಗೆಡ್ಡೆಗಳನ್ನು ಪೂರ್ತಿ ಹಾಳುಮಾಡಿದರು.

ಇಷ್ಟೇ ಆದರೆ ಪೆರಾಕ್ಸಿಸೋಮು ಒಂದು ಕಸದ ತೊಟ್ಟಿಯೆಂದು ತಿಳಿದು ಸುಮ್ಮನಾಗಬಹುದಿತ್ತು. ಆದರೆ ಅತಿ ಉದ್ದನೆಯ ಕೊಬ್ಬಿನಾಮ್ಲಗಳನ್ನು ಮೊದಲು ಕತ್ತರಿಸುವುದು ಇಲ್ಲಿಯೇ; ಮಿದುಳಿನ ನರಗಳ ಹೊದಿಕೆಗೆ ಬೇಕಾದ ವಿಶೇಷ ಕೊಬ್ಬೊಂದರ ತಯಾರಿ ಆರಂಭವಾಗುವುದು ಇಲ್ಲಿಯೇ; ಪಿತ್ತರಸದ ಆಮ್ಲಗಳಿಗೆ ಕೊನೆಯ ರೂಪ ದೊರೆಯುವುದೂ ಇಲ್ಲಿಯೇ.

ಇದನ್ನು ಮೊಟ್ಟಮೊದಲು ಕಂಡವರು ಸ್ವೀಡನ್ನಿನ ಯೊಹಾನೆಸ್ ರೋಡಿನ್ ಎಂಬ ಸಂಶೋಧನ ವಿದ್ಯಾರ್ಥಿ. 1954ರಲ್ಲಿ ಇಲಿಯ ಮೂತ್ರಪಿಂಡವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಾಗ ಕಂಡ ಈ ಕಾಯಗಳಿಗೆ, ಕೆಲಸವೇನೆಂದು ತಿಳಿಯದೆ, 'ಸೂಕ್ಷ್ಮಕಾಯ' ಎಂಬರ್ಥದ ಹೆಸರಿಟ್ಟರು. ಕೆಲಸವನ್ನು ಕಂಡುಹಿಡಿದು ಈಗಿನ ಹೆಸರನ್ನಿತ್ತವರು ಬೆಲ್ಜಿಯಮ್ಮಿನ ಕ್ರಿಸ್ಟಿಯನ್ ದ ದ್ಯೂವ್. ಅವರು ಹುಡುಕುತ್ತಿದ್ದುದು ಬೇರೊಂದನ್ನು. ಲೈಸೊಸೋಮ್ ಎಂಬ ಮತ್ತೊಂದು ಕಾಯದ ಬೆನ್ನುಹತ್ತಿದ್ದಾಗ, ಅದರೊಂದಿಗೆ ಸೇರಬಾರದ ಕಿಣ್ವವೊಂದು ಪ್ರತಿ ಸಲವೂ ಜೊತೆಗೆ ಬರುತ್ತಿದ್ದಿತು. ಅಕ್ಕಿಯಲ್ಲಿ ಸಿಕ್ಕಿದ ಕಲ್ಲೆಂದು ಅದನ್ನು ಎಸೆಯದೆ ಅವರು ಬೇರೆಯಾಗಿ ತೆಗೆದಿಟ್ಟರು. ಆ ಕಲ್ಲೇ ಪೆರಾಕ್ಸಿಸೋಮು. 1974ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ಬಂದಿತು.

ಇನ್ನು ಅಜ್ಜಿಯ ಪ್ರಶ್ನೆ. ಕೋಶವೊಂದು ಎರಡಾಗಿ ಒಡೆಯುವಾಗ ಎರಡಕ್ಕೂ ಪೆರಾಕ್ಸಿಸೋಮುಗಳು ಬೇಕು. ಸುಮ್ಮನಿರುವ ಕೋಶದಲ್ಲಿಯೂ ಅವು ಹಳೆಯವಾಗಿ ಅಳಿಯುತ್ತಿರುತ್ತವೆ. ಇಲಿಯ ಪಿತ್ತಜನಕಾಂಗದಲ್ಲಿ ಒಂದೂವರೆ ಎರಡು ದಿನಗಳಲ್ಲಿ ಅರ್ಧದಷ್ಟು ಹೋಗಿ ಹೊಸವು ಬಂದಿರುತ್ತವೆ. ಈ ಹೊಸವು ಬರುವುದೆಲ್ಲಿಂದ?

ಕೋಶದೊಳಗೆ ಮಡಿಕೆ ಮಡಿಕೆಯಾಗಿ ಹಬ್ಬಿರುವ ಪೊರೆಯ ಬಲೆಯೊಂದುಂಟು. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬುದು ಅದರ ಶಾಸ್ತ್ರೀಯ ನಾಮಧೇಯ. ನಾವು ಪೊರೆಬಲೆ ಎಂದು ಕರೆಯೋಣ, ನಾಲಗೆಗೆ ಹಿತ. ಮೊದಲಿನ ವಿಜ್ಞಾನಿಗಳು ಪೆರಾಕ್ಸಿಸೋಮುಗಳು ಈ ಬಲೆಯಿಂದ ಮೊಗ್ಗಿನಂತೆ ಒಡೆದು ಬೇರೆಯಾಗುವುವೆಂದು ನಂಬಿದ್ದರು. ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅವು ಬಲೆಗೆ ಅಂಟಿಕೊಂಡಂತೆಯೇ ಕಾಣುತ್ತಿದ್ದುವು. ಆದರೆ ಅಂಟಿಕೊಂಡಿರುವುದೆಲ್ಲ ಅದರಿಂದಲೇ ಹುಟ್ಟಿದುದೆನ್ನಲಾಗದು. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರೆಲ್ಲ ನೆಂಟರಲ್ಲ.

1985ರಲ್ಲಿ ಪಾಲ್ ಲಾಜರೋ ಮತ್ತು ಯುಕಿಯೊ ಫುಜಿಕಿ ಈ ನಂಬಿಕೆಯನ್ನು ತಲೆಕೆಳಗು ಮಾಡಿದರು. ಪೆರಾಕ್ಸಿಸೋಮಿನ ಪ್ರೋಟೀನುಗಳು ಪೊರೆಬಲೆಯ ಮೂಲಕ ಬರುವುದೇ ಇಲ್ಲ. ಕೋಶದ ದ್ರವದಲ್ಲಿ ಬಿಡಿಯಾಗಿ ತಯಾರಾಗಿ, ಆಮೇಲೆ ಚೀಲದೊಳಕ್ಕೆ ಹೋಗುತ್ತವೆಂಬುದಕ್ಕೆ ಅವರಲ್ಲಿ ಸಾಕ್ಷ್ಯವಿದ್ದಿತು. ಅವರ ತೀರ್ಮಾನ ಹೀಗೆ: ಇರುವ ಪೆರಾಕ್ಸಿಸೋಮು ಹೊಸ ಪ್ರೋಟೀನುಗಳನ್ನು ಒಳಗೆ ಎಳೆದುಕೊಂಡು ಬೆಳೆಯುತ್ತದೆ, ಬೆಳೆದು ಒಡೆಯುತ್ತದೆ. ಪೆರಾಕ್ಸಿಸೋಮು ಪೆರಾಕ್ಸಿಸೋಮಿನಿಂದಲೇ ಹುಟ್ಟಬೇಕು. ಹೆಪ್ಪಿಲ್ಲದೆ ಮೊಸರಿಲ್ಲ.

ಒಳಗೆ ಹೋಗುವ ಪ್ರೋಟೀನಿಗೆ ದಾರಿ ತಿಳಿಯುವುದು ಹೇಗೆ ಎಂಬ ಉಪಕಥೆ ಬಲು ಸ್ವಾರಸ್ಯವಾದುದು. ಮಿಂಚುಹುಳುವಿನ ಬೆಳಕಿಗೆ ಕಾರಣವಾದ ಕಿಣ್ವವು ಅದರ ದೀಪದ ಕೋಶಗಳ ಪೆರಾಕ್ಸಿಸೋಮುಗಳಲ್ಲಿಯೇ ಇರುತ್ತದೆ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೋದಲ್ಲಿ ಭಾರತ ಸಂಜಾತರಾದ ಸುರೇಶ್ ಸುಬ್ರಮಣಿಯವರ ಪ್ರಯೋಗಶಾಲೆಯವರು ಆ ಕಿಣ್ವವನ್ನು ಸಸ್ತನಿಯ ಕೋಶದೊಳಗೆ ತಯಾರಾಗುವಂತೆ ಮಾಡಿದರು. ಹುಳುವಿನ ಕಿಣ್ವ ಅಪರಿಚಿತವಾದ ಆ ಕೋಶದಲ್ಲಿಯೂ ನೇರವಾಗಿ ಪೆರಾಕ್ಸಿಸೋಮಿಗೇ ಹೋಗಿ ಸೇರಿತು! 1987ರ ಈ ಪ್ರಯೋಗದ ಬೆನ್ನುಹತ್ತಿ, ಕಿಣ್ವದ ಬಾಲದ ತುದಿಯಲ್ಲಿರುವ ಮೂರೇ ಮೂರು ಅಮೈನೊ ಆಮ್ಲಗಳು ವಿಳಾಸದ ಚೀಟಿಯಂತೆ ಕೆಲಸ ಮಾಡುತ್ತವೆಂದು ಅವರು ತೋರಿಸಿದರು. ಆ ಚೀಟಿಯನ್ನು ಮತ್ತಾವುದಾದರೂ ಪ್ರೋಟೀನಿಗೆ ಅಂಟಿಸಿದರೆ ಅದೂ ಅಲ್ಲಿಗೇ ಹೋಗುತ್ತದೆ. ಹುಳುವಿಗೂ ಮನುಷ್ಯನಿಗೂ ಒಂದೇ ಅಂಚೆಯ ವ್ಯವಸ್ಥೆ.

ಒಡೆಯುವ ಕ್ರಮವನ್ನು ಕೋಡುಬಳೆ ಮಾಡುವವರು ಸುಲಭವಾಗಿ ಊಹಿಸಿಕೊಳ್ಳಬಹುದು. ಉಂಡೆಯಾಗಿದ್ದ ಚೀಲವನ್ನು ಪೆಕ್ಸ್-11 ಎಂಬ ಪ್ರೋಟೀನು ಹೊಸೆದಂತೆ ಉದ್ದಕ್ಕೆ ಎಳೆಯುತ್ತದೆ. ಎಳೆಯಲ್ಲಿ ಅಲ್ಲಲ್ಲಿ ಗಂಟಿನಂತೆ ಸಂದುಗಳು ಬೀಳುತ್ತವೆ. ಆ ಸಂದುಗಳಲ್ಲಿ ಮತ್ತೊಂದು ಪ್ರೋಟೀನು ಉಂಗುರದಂತೆ ಸುತ್ತಿಕೊಂಡು ಬಿಗಿದು ಕತ್ತರಿಸುತ್ತದೆ. ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೊಕಾಂಡ್ರಿಯಗಳನ್ನು ಕತ್ತರಿಸುವುದೂ ಇದೇ ಉಂಗುರ. ಎರಡು ಮನೆಗೆ ಒಂದೇ ಈಳಿಗೆಮಣೆ. ಆ ಈಳಿಗೆ ಮೊಂಡಾಗಿದ್ದ ಹಸುಳೆಯೊಂದರ ವಿಚಾರವನ್ನು 2007ರಲ್ಲಿ ವೈದ್ಯರು ಪ್ರಕಟಿಸಿದರು. ಮಗು ಬದುಕಿದ್ದುದು ಕೆಲವೇ ವಾರ.

ಎಷ್ಟು ಪೆರಾಕ್ಸಿಸೋಮುಗಳಿರಬೇಕೆಂಬುದನ್ನು ಕೋಶವು ಊಟವನ್ನು ನೋಡಿ ನಿರ್ಧರಿಸುತ್ತದೆ. ರೊಟ್ಟಿಗೆ ಹಾಕುವ ಯೀಸ್ಟಿಗೆ ಸಕ್ಕರೆ ಕೊಟ್ಟರೆ ಅವು ಬೆರಳೆಣಿಕೆಯಷ್ಟು. ಕಡಲೆಕಾಯಿ ಎಣ್ಣೆಯಲ್ಲಿಯೂ ಹೇರಳವಾಗಿರುವ ಓಲಿಯಿಕ್ ಆಮ್ಲವನ್ನು ಮಾತ್ರ ಕೊಟ್ಟರೆ ಕೋಶದ ತುಂಬ ಅವೇ. ಹರಳು ಬೀಜ ಮೊಳೆಯುವಾಗ ಅದರೊಳಗಿನ ಎಣ್ಣೆ ಸಕ್ಕರೆಯಾಗುವುದೂ ಇವುಗಳ ಸೋದರಸಂಬಂಧಿಗಳಲ್ಲಿಯೇ ಎಂದು ಅಮೆರಿಕದಲ್ಲಿ ಹ್ಯಾರಿ ಬೀವರ್ಸ್ ಮತ್ತು ಅವರ ಸಹೋದ್ಯೋಗಿ 1967ರಲ್ಲಿ ಕಂಡುಕೊಂಡರು. ರಕ್ತದ ಕೊಬ್ಬನ್ನಿಳಿಸುವ ಕ್ಲೋಫೈಬ್ರೇಟ್ ಎಂಬ ಔಷಧವನ್ನು ತಿಂದ ಇಲಿಗಳಲ್ಲಂತೂ ಪಿತ್ತಜನಕಾಂಗವೇ ದೊಡ್ಡದಾಗಿ ಪೆರಾಕ್ಸಿಸೋಮುಗಳು ಹಲವು ಪಟ್ಟು ಹೆಚ್ಚಿದುವು. ಇಂತಹ ಔಷಧಗಳು ಬಹುಕಾಲದಲ್ಲಿ ಇಲಿಗಳಿಗೆ ಗೆಡ್ಡೆಗಳನ್ನು ತರುವುವೆಂದು ಜನಾರ್ದನ ರೆಡ್ಡಿಯವರು 1980ರಲ್ಲಿ ಎಚ್ಚರಿಸಿದಾಗ ದೊಡ್ಡ ಗಾಬರಿಯೇ ಆಯಿತು. ಮನುಷ್ಯರ ಪಿತ್ತಜನಕಾಂಗದಲ್ಲಿ ಪೆರಾಕ್ಸಿಸೋಮುಗಳು ಹಾಗೆ ಹುಚ್ಚೆದ್ದು ಹೆಚ್ಚುವುದಿಲ್ಲವೆಂಬುದು ಅನಂತರ ಸಮಾಧಾನ ತಂದ ಸಂಗತಿ.

ಯೀಸ್ಟಿನ ತಾಯಿಕೋಶ ತನ್ನ ಮೈಮೇಲೆ ಮೊಗ್ಗೊಡೆದ ಮಗಳಿಗೆ ಪೆರಾಕ್ಸಿಸೋಮುಗಳನ್ನು ಹಂಚುವ ಬಗೆಯೂ ಕೇಳತಕ್ಕದ್ದೆ. ಅರ್ಧವನ್ನು ಮಗಳ ಕಡೆಗೆ ಹೊತ್ತುಕೊಂಡು ಹೋಗಲು ಒಂದು ಪ್ರೋಟೀನು, ಅರ್ಧವನ್ನು ತಾಯಿಯಲ್ಲಿಯೇ ಕಟ್ಟಿಹಾಕಲು ಇನ್ನೊಂದು. ಕೆನಡಾದ ರಿಚರ್ಡ್ ರಚುಬಿನ್‌ಸ್ಕಿಯವರ ತಂಡ 2005 ಮತ್ತು 2006ರಲ್ಲಿ ಇವೆರಡನ್ನೂ ಕಂಡುಹಿಡಿಯಿತು. ಕಟ್ಟಿಹಾಕುವ ಪ್ರೋಟೀನಿಲ್ಲದಿದ್ದರೆ ಎಲ್ಲವೂ ಮಗಳ ಪಾಲಾಗಿ ತಾಯಿ ಬರಿಗೈ. ಮಗಳ ಮದುವೆಗೆ ಇದ್ದ ಒಡವೆಯನ್ನೆಲ್ಲ ಕಳಚಿಕೊಟ್ಟ ತಾಯಂದಿರನ್ನು ನಾವು ನೋಡಿಲ್ಲವೆ?

ಇಷ್ಟರವರೆಗೆ ವಿನೋದ. ಇನ್ನು ಮುಂದಿನದು ಹಾಗಲ್ಲ.

1964ರಲ್ಲಿ ಹಾನ್ಸ್ ಜೆಲ್ವೆಗರ್ ಎಂಬ ಮಕ್ಕಳ ವೈದ್ಯರು ಮತ್ತು ಅವರ ಸಂಗಡಿಗರು ವಿಚಿತ್ರವಾದ ಕಾಯಿಲೆಯೊಂದನ್ನು ವರ್ಣಿಸಿದರು. ಮಗು ಹುಟ್ಟುವಾಗಲೇ ಒದ್ದೆ ಬಟ್ಟೆಯಂತೆ ಸಡಿಲವಾಗಿರುತ್ತದೆ. ಹಣೆ ಎತ್ತರ, ಪಿತ್ತಜನಕಾಂಗ ದೊಡ್ಡದು. ಮೊಲೆಯುಣ್ಣಲು ತ್ರಾಣವಿಲ್ಲ; ಸೆಳವು ಬರುತ್ತದೆ. ಬಹುಪಾಲು ಮಕ್ಕಳು ಮೊದಲ ಹುಟ್ಟುಹಬ್ಬವನ್ನು ಕಾಣುವುದಿಲ್ಲ. 1973ರಲ್ಲಿ ನ್ಯೂಯಾರ್ಕಿನ ಸಿಡ್ನಿ ಗೋಲ್ಡ್‌ಫಿಶರ್ ಮತ್ತಿತರರು ಇಂತಹ ಮಕ್ಕಳ ಪಿತ್ತಜನಕಾಂಗ ಮತ್ತು ಮೂತ್ರಪಿಂಡಗಳನ್ನು ಪರೀಕ್ಷಿಸಿದರು. ಅಲ್ಲಿ ಪೆರಾಕ್ಸಿಸೋಮುಗಳೇ ಇರಲಿಲ್ಲ.

ಈ ರೋಗ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಜೀನು ಮಗುವಿಗೆ ಬಂದಿರಬೇಕು. ತಂದೆತಾಯಿಗಳಲ್ಲಿ ಒಂದು ಕೆಟ್ಟು ಒಂದು ಸರಿಯಿರುವುದರಿಂದ ಅವರು ಆರೋಗ್ಯವಾಗಿಯೇ ಇರುತ್ತಾರೆ. ಇಂತಹ ದಂಪತಿಗಳಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲೊಂದು ಪಾಲು ಅಪಾಯ. ಸೋದರಮಾವನಿಗೂ ಅತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ಕಡೆಯ ಮನೆಗಳಲ್ಲಿ, ಒಂದೇ ವಂಶದ ಇಂತಹ ಸುಪ್ತ ದೋಷಗಳೆರಡು ಒಂದೆಡೆ ಸೇರುವ ಸಂಭವ ಸ್ವಲ್ಪ ಹೆಚ್ಚೆಂಬುದನ್ನು ಹೇಳದೆ ಇರಲಾರೆ. ಬಸಿರಿಯು ಗ್ರಹಣ ನೋಡಿದಳು, ತಿನ್ನಬಾರದ್ದನ್ನು ತಿಂದಳು ಎಂದು ತಾಯಿಯೊಬ್ಬಳನ್ನೇ ಮೂಲೆಗೆ ನಿಲ್ಲಿಸಿ ಮಾತನಾಡುವ ಹಿರಿಯರು ಇಂದಿಗೂ ಇದ್ದಾರೆ. ಆ ಮಾತಿಗೆ ಯಾವ ಆಧಾರವೂ ಇಲ್ಲ. ತಂದೆಯ ಪಾಲು ತಾಯಿಯ ಪಾಲಿನಷ್ಟೆ.

ವಿಜ್ಞಾನಿಗಳ ವಾದಕ್ಕೆ ಈ ಮಕ್ಕಳೇ ಸಾಕ್ಷಿಗಳಾದರು. ಹೆಪ್ಪಿಲ್ಲದೆ ಮೊಸರಿಲ್ಲವೆಂದಾದರೆ, ಒಮ್ಮೆ ಎಲ್ಲ ಪೆರಾಕ್ಸಿಸೋಮುಗಳನ್ನೂ ಕಳೆದುಕೊಂಡ ಕೋಶಕ್ಕೆ ಏನು ಮಾಡಿದರೂ ಅವು ಮರಳಿ ಬರಬಾರದು. 1988ರಲ್ಲಿ ಲಾಜರೋ ಮತ್ತು ಸಂಗಡಿಗರು ರೋಗಿಗಳ ಕೋಶಗಳನ್ನು ಇನ್ನಷ್ಟು ಜಾಗರೂಕತೆಯಿಂದ ನೋಡಿದಾಗ ಬರಿದಾದ ಪೊರೆಯ ಚೀಲಗಳು ಕಂಡುವು. 'ಭೂತಗಳು' ಎಂದು ಅವಕ್ಕೆ ಹೆಸರಾಯಿತು. ಪಾತ್ರೆಯುಂಟು, ಒಳಗೆ ಮೊಸರಿಲ್ಲ. ವಿಳಾಸದ ಚೀಟಿಯನ್ನು ಓದಿ ಪ್ರೋಟೀನುಗಳನ್ನು ಒಳಗೆ ಬಿಟ್ಟುಕೊಳ್ಳುವ ಬಾಗಿಲು ಕೆಟ್ಟಿದೆ, ಅಷ್ಟೆ. ಲಾಜರೋ ಮತ್ತು ಫುಜಿಕಿಯವರ ಸಿದ್ಧಾಂತ ಆ ಹೊತ್ತಿಗೆ ಉಳಿದುಕೊಂಡಿತು.

ಆದರೆ ಪೆಕ್ಸ್-3, ಪೆಕ್ಸ್-16, ಪೆಕ್ಸ್-19 ಎಂಬ ಮೂರು ಜೀನುಗಳಲ್ಲಿ ಒಂದು ಕೆಟ್ಟ ರೋಗಿಗಳ ಕೋಶಗಳಲ್ಲಿ ಭೂತಗಳೂ ಇರಲಿಲ್ಲ. ಪಾತ್ರೆಯೂ ಇಲ್ಲ, ಹೆಪ್ಪೂ ಇಲ್ಲ. ಹಿಂದೆ ಸುಬ್ರಮಣಿಯವರ ಶಿಷ್ಯರಾಗಿದ್ದ ಸ್ಟೀಫನ್ ಗೂಲ್ಡ್, ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಸಾರಾ ಸೌತ್ ಎಂಬಾಕೆಯೊಡನೆ, ಪೆಕ್ಸ್-16 ಇಲ್ಲದ ರೋಗಿಯ ಕೋಶಗಳಿಗೆ ಆ ಜೀನಿನ ಸರಿಯಾದ ಪ್ರತಿಯನ್ನು ಒದಗಿಸಿದರು. ಎಂದಿನಿಂದಲೋ ಒಂದೂ ಪೆರಾಕ್ಸಿಸೋಮಿಲ್ಲದೆ ಬಾಳಿದ್ದ ಕೋಶದಲ್ಲಿ ಅವು ಮೂಡಿದುವು. ಪ್ರೋಟೀನುಗಳು ತಮ್ಮ ಚೀಟಿ ಹಿಡಿದುಕೊಂಡು ಒಳಗೆ ಹೋದುವು. ಇದು ಪ್ರಕಟವಾದುದು 1999ರಲ್ಲಿ. ಆ ಪ್ರಬಂಧದ ಶುಷ್ಕವಾದ ವಾಕ್ಯಗಳನ್ನು ಸಹೋದ್ಯೋಗಿಗಳು ನನಗೆ ಬಿಡಿಸಿ ಹೇಳಿದ ದಿನ, ಮಧ್ಯಾಹ್ನದ ತರಗತಿಗೆ ಹೋಗಿ ಪದ್ಯವನ್ನು ವಿವರಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಎಲ್ಲಿಂದ ಮೂಡಿದುವು? ಶೂನ್ಯದಿಂದಲ್ಲ. ಮೆಣಸಿನ ತೊಟ್ಟಿನ ಮೊಸರೂ ಶೂನ್ಯದಿಂದ ಆಗುವುದಲ್ಲ. ಹಾಲನ್ನು ಹುಳಿ ಮಾಡುವ ಸೂಕ್ಷ್ಮಜೀವಿಗಳು ತೊಟ್ಟಿಗೆ ಅಂಟಿಕೊಂಡೇ ಬಂದಿರುತ್ತವೆ. 2005ರಲ್ಲಿ ಹೆಂಕ್ ಟಬಾಕ್ ಮತ್ತಿತರರು ಯೀಸ್ಟಿನಲ್ಲಿ ಪೆಕ್ಸ್-3 ಪ್ರೋಟೀನಿಗೆ ಬೆಳಕು ಬೀರುವ ಬಾಲವೊಂದನ್ನು ಕಟ್ಟಿ ಅದರ ದಾರಿಯನ್ನು ಕಣ್ಣಾರೆ ನೋಡಿದರು. ಅದು ಮೊದಲು ಕಾಣಿಸಿಕೊಂಡುದು ಪೊರೆಬಲೆಯಲ್ಲಿ! ಅಲ್ಲಿ ಚುಕ್ಕೆಯಾಗಿ ಒಟ್ಟುಗೂಡಿ, ಪೆಕ್ಸ್-19ರ ನೆರವಿನಿಂದ ಬಲೆಯನ್ನು ಬಿಟ್ಟು, ಪೆರಾಕ್ಸಿಸೋಮಾಯಿತು. ತಲೆಕೆಳಗಾಗಿದ್ದ ಹಳೆಯ ನಂಬಿಕೆ ಇಪ್ಪತ್ತು ವರ್ಷದ ಮೇಲೆ ಮತ್ತೆ ಕಾಲೂರಿ ನಿಂತಿತು. ಪೆರಾಕ್ಸಿಸೋಮುಗಳು ಪುರಾತನ ಕಾಲದಲ್ಲಿ ಕೋಶದೊಳಗೆ ಬಿಡಾರ ಹೂಡಿದ ಬ್ಯಾಕ್ಟೀರಿಯಗಳ ಸಂತತಿಯಿರಬಹುದೆಂಬ ದ ದ್ಯೂವ್ ಅವರ ಊಹೆ ಇದರಿಂದ ಬಹಳ ದುರ್ಬಲವಾಯಿತು. ಅವು ಹೊರಗಿನಿಂದ ಬಂದ ಬಾಡಿಗೆದಾರರಲ್ಲ, ಮನೆಯ ಮಕ್ಕಳೇ.

ಹಾಗೆಂದು ಲಾಜರೋ ಮತ್ತು ಫುಜಿಕಿ ಸೋತರೆನ್ನಬೇಡಿ. ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಆಲಿಸನ್ ಮೋಟ್ಲಿ ಮತ್ತು ಎವಾಲ್ಡ್ ಹೆಟೆಮಾ 2007ರಲ್ಲಿ ತೋರಿಸಿದ ಪ್ರಕಾರ, ಆರೋಗ್ಯವಂತ ಯೀಸ್ಟಿನಲ್ಲಿ ಪೆರಾಕ್ಸಿಸೋಮುಗಳು ಒಡೆದೇ ಹೆಚ್ಚುತ್ತವೆ. ಒಂದೂ ಇಲ್ಲದಾದಾಗ ಮಾತ್ರ ಕೋಶವು ಪೊರೆಬಲೆಯಿಂದ ಹೊಸತನ್ನು ಕಟ್ಟುತ್ತದೆ, ಅದೂ ನಿಧಾನವಾಗಿ. ಹೆಪ್ಪಿರುವ ಮನೆಯಲ್ಲಿ ಮೆಣಸಿನ ತೊಟ್ಟನ್ನು ಯಾರು ಹುಡುಕುತ್ತಾರೆ? ಆದರೆ ಸಸ್ತನಿಗಳ ಕೋಶಗಳಲ್ಲಿ ಪೊರೆಬಲೆಯಿಂದ ಹುಟ್ಟುವುದೇ ಮುಖ್ಯ ಮಾರ್ಗವೆಂದು 2006ರಲ್ಲಿ ಇನ್ನೊಂದು ತಂಡ ವಾದಿಸಿದ್ದಿತು. ಈ ವ್ಯಾಜ್ಯ ಪೂರ್ತಿ ತೀರಿಲ್ಲ. 2017ರಲ್ಲಿ ಮಾಂಟ್ರಿಯಲ್ಲಿನ ಹೈಡಿ ಮ್ಯಾಕ್‌ಬ್ರೈಡ್ ಅವರ ತಂಡ ರೋಗಿಗಳ ಕೋಶಗಳಲ್ಲಿ ಮತ್ತೊಂದು ತಿರುವನ್ನು ಕಂಡಿತು: ಮೈಟೊಕಾಂಡ್ರಿಯದಿಂದ ಒಂದು ಗುಳ್ಳೆ, ಪೊರೆಬಲೆಯಿಂದ ಒಂದು ಗುಳ್ಳೆ ಹೊರಟು, ಎರಡೂ ಕೂಡಿದಾಗ ಹೊಸ ಪೆರಾಕ್ಸಿಸೋಮಿನ ಜನನ. ತವರು ಒಂದಲ್ಲ, ಎರಡು.

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಮೂಡಿದುದು ತೊಟ್ಟಿಲಲ್ಲಿರುವ ಮಗುವಿನಲ್ಲಿ ಇನ್ನೂ ಮೂಡಿಲ್ಲ. ಗರ್ಭದಲ್ಲಿಯೇ ಮಿದುಳು ಬೆಳೆಯುವಾಗ ಆದ ಹಾನಿಯನ್ನು ಆಮೇಲೆ ತಿದ್ದುವುದು ಹೇಗೆಂಬುದೇ ದೊಡ್ಡ ಅಡಚಣೆ. ಪಿತ್ತಜನಕಾಂಗದ ತೊಂದರೆಯನ್ನು ತಗ್ಗಿಸಲು ಕೋಲಿಕ್ ಆಮ್ಲವನ್ನು ಔಷಧವಾಗಿ ಕೊಡಲು ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ದೊರೆಯಿತು. ಅದು ಆಸರೆ ಮಾತ್ರ, ಪರಿಹಾರವಲ್ಲ. ಕುಟುಂಬದಲ್ಲಿ ಯಾವ ಜೀನು ಕೆಟ್ಟಿದೆಯೆಂದು ತಿಳಿದಿದ್ದರೆ ಮುಂದಿನ ಬಸಿರಿನಲ್ಲಿ ಮೊದಲೇ ಪರೀಕ್ಷಿಸಬಹುದು. ಒಂದು ಮಗುವನ್ನು ಕಳೆದುಕೊಂಡ ತಂದೆತಾಯಿಗಳು ಮತ್ತೊಂದು ಮಗುವಿನ ಯೋಚನೆ ಮಾಡುವ ಮುನ್ನ, ಊರವರ ಬಾಯಿಗಿಂತ ಮೊದಲು ಅನುವಂಶಿಕ ರೋಗಗಳ ವೈದ್ಯರನ್ನು ಕಾಣುವುದು ಮೇಲು.

ಆ ರಾತ್ರಿಯ ಹಾಲಿನ ಸಂಗತಿಯನ್ನು ಹೇಳಲು ಮರೆತೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಮೊಸರಾಗಿದ್ದಿತು. ಅಜ್ಜಿ ಹೇಳಿದಂತೆಯೇ ತೆಳ್ಳಗೆ. ಬಾಯಿಗಿಟ್ಟರೆ ಮೆಣಸಿನ ಸುಳಿವು ಲೇಶಮಾತ್ರ. ನನ್ನ ಹೆಂಡತಿ ತೊಟ್ಟುಗಳನ್ನು ಆಯ್ದು ಎಸೆದು, ಒಂದು ಚಮಚ ಮೊಸರನ್ನು ಆ ದಿನದ ಹಾಲಿಗೆ ಹೆಪ್ಪಿಟ್ಟಳು. ಮರುದಿನ ಮೊಸರು ಗಟ್ಟಿಯಾಗಿ ಕಟ್ಟಿದ್ದಿತು. ಸಂಜೆಯ ಹೊತ್ತಿಗೆ ಎದುರುಮನೆಯ ಅಜ್ಜಿ ಬಟ್ಟಲು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.